ವರ್ಷದ ನಡುವೆ ಸೇರಿದ ಕಾರ್ಮಿಕನಿಗೆ ಸವೇತನ ರಜೆ: ಲೆಕ್ಕ ಹೇಗೆ?

ದೇವನಹಳ್ಳಿ ತಾಲ್ಲೂಕಿನ ಸಣ್ಣ ಉದ್ದಿಮೆಗಳಲ್ಲಿ ಹೊಸ ನೇಮಕಾತಿಗಳು ಸಾಮಾನ್ಯವಾಗಿ ಆರ್ಡರು ಬಂದಾಗ ನಡೆಯುತ್ತವೆಯೇ ಹೊರತು ಜನವರಿ 1ರಂದೇ ಅಲ್ಲ. ಹೀಗೆ ವರ್ಷದ ಮಧ್ಯೆ ಸೇರಿದ ಕಾರ್ಮಿಕನು ರಜೆ ಕೇಳಿದಾಗ "ವರ್ಷ ತುಂಬುವವರೆಗೆ ರಜೆ ಇಲ್ಲ" ಎಂಬ ಉತ್ತರ ದೊರೆಯುವುದುಂಟು. ಈ ಉತ್ತರ ಕಾನೂನಿಗೆ ಹೊಂದುವುದಿಲ್ಲ. ಉದ್ದಿಮೆದಾರರು ಇದನ್ನು ತಿಳಿದಿರುವುದು ಅಗತ್ಯ.

ಹಿಂದಿನ ನಿಯಮ

1948ರ ಕಾರ್ಖಾನೆಗಳ ಕಾಯ್ದೆಯ 79ನೆಯ ಕಲಮಿನ ಪ್ರಕಾರ, ಒಂದು ಕ್ಯಾಲೆಂಡರ್ ವರ್ಷದಲ್ಲಿ 240 ದಿನ ಕೆಲಸ ಮಾಡಿದ ವಯಸ್ಕ ಕಾರ್ಮಿಕನಿಗೆ ಪ್ರತಿ 20 ದಿನಗಳ ಕೆಲಸಕ್ಕೆ 1 ದಿನದಂತೆ ಸವೇತನ ರಜೆ ಸಲ್ಲುತ್ತಿತ್ತು. ವರ್ಷದ ನಡುವೆ ಸೇರಿದವನು ಉಳಿದ ದಿನಗಳ ಮೂರನೆಯ ಎರಡು ಭಾಗ ಕೆಲಸ ಮಾಡಿರಬೇಕಿತ್ತು.

ಈಗಿನ ನಿಯಮ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಒಂದಾದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆ, 2020ರ 32ನೆಯ ಕಲಮು ಈ ವಿಷಯಕ್ಕೆ ಸಂಬಂಧಿಸಿದೆ. 10 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಇದು ಅನ್ವಯವಾಗುತ್ತದೆ. 20 ದಿನಕ್ಕೆ 1 ದಿನವೆಂಬ ದರ ಹಾಗೆಯೇ ಉಳಿದಿದೆ. ಆದರೆ ಅರ್ಹತೆಯ ಅವಧಿ 240ರಿಂದ 180 ದಿನಗಳಿಗೆ ಇಳಿದಿದೆ. ಜನವರಿ 1ರ ನಂತರ ಸೇರಿದವನು ವರ್ಷದ ಉಳಿದ ದಿನಗಳ ನಾಲ್ಕನೆಯ ಒಂದು ಭಾಗ ಕೆಲಸ ಮಾಡಿದ್ದರೆ ಸಾಕು.

ಒಂದು ಉದಾಹರಣೆ

14 ಕಾರ್ಮಿಕರಿರುವ ಒಂದು ಘಟಕಕ್ಕೆ ಜುಲೈ 1ರಂದು ಒಬ್ಬನು ಸೇರಿದನೆಂದು ಭಾವಿಸೋಣ. ಡಿಸೆಂಬರ್ 31ರವರೆಗೆ 184 ದಿನಗಳಿವೆ. ಅದರ ಕಾಲು ಭಾಗ 46 ದಿನ.

ಅವನು 140 ದಿನ ಕೆಲಸ ಮಾಡಿದರೆ 7 ದಿನಗಳ ರಜೆ. ಹಳೆಯ ಲೆಕ್ಕದಲ್ಲಿಯೂ ಇಷ್ಟೇ ದೊರೆಯುತ್ತಿತ್ತು.

ಕಾಯಿಲೆ ಅಥವಾ ಸುಗ್ಗಿಯ ಕೆಲಸದ ಕಾರಣ 100 ದಿನ ಮಾತ್ರ ಬಂದಿದ್ದರೆ? ಹಿಂದೆ 123 ದಿನ ಬೇಕಿದ್ದುದರಿಂದ ರಜೆ ಸಿಗುತ್ತಿರಲಿಲ್ಲ. ಈಗ 5 ದಿನ ಸಲ್ಲುತ್ತದೆ.

40 ದಿನ ದುಡಿದು ಕೆಲಸ ಬಿಟ್ಟರೆ? 46 ದಿನ ತುಂಬದಿದ್ದರೂ 2 ದಿನಗಳ ರಜೆಯ ಬದಲು ವೇತನ ಕೊಡಬೇಕು. ದಿನಗೂಲಿ 600 ರೂಪಾಯಿ ಆದರೆ 1,200 ರೂಪಾಯಿ. ಕೆಲಸದಿಂದ ತೆಗೆದಾಗಲೂ ತಾನಾಗಿ ಬಿಟ್ಟಾಗಲೂ ಇದನ್ನು ಎರಡನೆಯ ಕೆಲಸದ ದಿನ ಮುಗಿಯುವುದರೊಳಗೆ ಪಾವತಿ ಮಾಡತಕ್ಕದ್ದು. ಮೊತ್ತ ಸಣ್ಣದಾದರೂ ಕಾರ್ಮಿಕನಿಗೆ ಅದು ಎರಡು ದಿನದ ಕೂಲಿ. ತಡೆಹಿಡಿದರೆ ದೂರಿಗೆ ದಾರಿಯಾಗುತ್ತದೆ.

ಹಬ್ಬದ ರಜೆ ಬೇರೆ

1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳು) ಕಾಯ್ದೆಯಡಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ರಜಾದಿನಗಳು. ಇವಲ್ಲದೆ ಹಬ್ಬಗಳಿಗೂ ರಜೆಗಳುಂಟು. ಇವನ್ನು ಗಳಿಕೆ ರಜೆಯಲ್ಲಿ ಕಳೆಯುವುದು ತಪ್ಪು. ರಜೆಯ ನಡುವೆ ಬರುವ ರಜಾದಿನವನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಅಂಗಡಿ ಮತ್ತು ಮಳಿಗೆಗಳ ಮಾಲೀಕರು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನೂ ಗಮನಿಸಬೇಕು.

ಮಾಲೀಕರು ಮಾಡಬೇಕಾದ್ದು

1. ನೇಮಕಾತಿ ಪತ್ರವನ್ನು ಸೇರಿದ ದಿನಾಂಕ ಸಹಿತ ಕೊಡಿರಿ. ಸಂಹಿತೆಯಲ್ಲಿ ಇದು ಕಡ್ಡಾಯ.

2. ಹಾಜರಾತಿ ಪುಸ್ತಕವನ್ನು ಮೊದಲ ದಿನದಿಂದಲೇ ಬರೆಯಿರಿ. ರಜೆಯ ಲೆಕ್ಕ ನಿಲ್ಲುವುದು ಇದರ ಮೇಲೆಯೇ.

3. ಪರೀಕ್ಷಾರ್ಥ ಅವಧಿಯ ಹೆಸರಿನಲ್ಲಿ ದಿನಗಳನ್ನು ಕೈಬಿಡಬೇಡಿರಿ.

4. ರಜೆಯ ಅರ್ಜಿಯನ್ನು ನಿರಾಕರಿಸಿದರೆ ಅದನ್ನು ದಾಖಲಿಸಿರಿ. ಉಳಿದ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯಲು 30 ದಿನಗಳ ಮಿತಿಯಿದೆ. ಕೇಳಿಯೂ ಕೊಡದ ರಜೆಗೆ ಈ ಮಿತಿಯಿಲ್ಲ.

ಸೇರಿದ ದಿನದಿಂದಲೇ ರಜೆ ಕೂಡುತ್ತದೆಂಬುದನ್ನು ಒಪ್ಪಿ ಲೆಕ್ಕವಿಟ್ಟ ಉದ್ದಿಮೆದಾರನಿಗೆ, ವರ್ಷಾಂತ್ಯದಲ್ಲಾಗಲಿ ಕಾರ್ಮಿಕನು ಬಿಟ್ಟುಹೋಗುವಾಗಲಾಗಲಿ, ವಿವಾದಕ್ಕೆ ಆಸ್ಪದ ಉಳಿಯುವುದಿಲ್ಲ.