ನಂಬಿಕೆಗೂ ಲೆಕ್ಕ ಬೇಕು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಮ್ಮ ಸೀಮೆಯಲ್ಲಿ ನಾನು ಕಂಡ ಮೋಸಗಳಲ್ಲಿ ಹೆಚ್ಚಿನವು ಗುರುತಿದ್ದವರಿಂದಲೇ ಆದವು. ಕೈಸಾಲ ತೆಗೆದುಕೊಂಡು ಮುಖ ತಪ್ಪಿಸುವವನು, ಚೀಟಿ ಎತ್ತಿದ ಮೇಲೆ ಕಂತು ನಿಲ್ಲಿಸುವವನು, ಜಾಮೀನಿಗೆ ಸಹಿ ಹಾಕಿಸಿಕೊಂಡು ಸಾಲ ಮರೆಯುವವನು, ಎದುರಿಗೊಂದು ಹಿಂದೊಂದು ಆಡುವವನು, ಇವರೆಲ್ಲ ಜೊತೆಗೆ ಓದಿದವರೋ ನೆಂಟರೋ ಪಕ್ಕದ ಹೊಲದವರೋ ಆಗಿರುತ್ತಾರೆ. ಗೊತ್ತಿಲ್ಲದವನಿಗೆ ಯಾರೂ ಐವತ್ತು ಸಾವಿರ ಎಣಿಸಿ ಕೊಡುವುದಿಲ್ಲ. ಪರಿಚಯವೇ ಮೋಸದ ಬಂಡವಾಳ. ಈ ಜನರ ನಡುವೆ ಬಾಳಿ ನಾನು ಕಲಿತದ್ದು ಇಷ್ಟು: ಯಾರು ಮೋಸಗಾರ ಎಂದು ಮೊದಲೇ ಕಂಡುಹಿಡಿಯುತ್ತೇನೆಂಬ ಹಟ ಬಿಡಬೇಕು. ಎದುರಿಗಿರುವವರು ಯಾರೇ ಆಗಲಿ, ಮೋಸಕ್ಕೆ ಎಡೆ ಕಡಿಮೆ ಇರುವಂತೆ ನಮ್ಮ ಕೊಡುಕೊಳ್ಳುವಿಕೆಯನ್ನು ಇಟ್ಟುಕೊಳ್ಳಬೇಕು.

ಮುಖ ನೋಡಿದರೆ ಮನುಷ್ಯ ಎಂಥವನೆಂದು ಗೊತ್ತಾಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಆ ನಂಬಿಕೆಗೆ ಆಧಾರ ತೀರ ತೆಳು. ಸುಳ್ಳು ಗುರುತಿಸುವ ಶಕ್ತಿಯ ಬಗ್ಗೆ ನಡೆದ ನೂರಾರು ಅಧ್ಯಯನಗಳನ್ನು ಅಮೆರಿಕದ ಬಾಂಡ್ ಮತ್ತು ಡಿಪಾಲೊ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಒಟ್ಟುಗೂಡಿಸಿ ನೋಡಿದರು. 24,000ಕ್ಕೂ ಹೆಚ್ಚು ಜನರ ಊಹೆಗಳಲ್ಲಿ ಸರಿಯಾದದ್ದು ಸರಾಸರಿ ನೂರಕ್ಕೆ 54. ಕಣ್ಣು ಮುಚ್ಚಿ ಹೇಳಿದರೂ 50 ಸರಿ ಬರುತ್ತಿತ್ತು. ನಮ್ಮವರು ಎಂಬ ಭಾವ ಬೆರೆತಾಗಲಂತೂ ಪರೀಕ್ಷಿಸುವ ಮನಸ್ಸೇ ಇರುವುದಿಲ್ಲ. 2019ರಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಸಂಸ್ಥೆ ಕುಸಿದಾಗ, 2020ರ ಜನವರಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಿಂದ 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದಾಗ, ಕಂಗಾಲಾದವರಲ್ಲಿ ನಮ್ಮ ಜನರ ಸಂಸ್ಥೆ ಎಂದು ಹಣವಿಟ್ಟವರು ಬಹಳ ಮಂದಿ. ಅವರು ದಡ್ಡರಲ್ಲ. ಲೆಕ್ಕ ಕೇಳಬೇಕಾದ ಕಡೆ ಅವರನ್ನು ಭಕ್ತಿ, ಬಳಗ, ಪರಿಚಯ ತಡೆದವು.

ಹಾಗಾದರೆ ಸ್ನೇಹಿತನ ಹತ್ತಿರವೂ ಬರೆಸಿಕೊಳ್ಳಬೇಕೆ, ಹಾಗೆ ಮಾಡಿದರೆ ಸ್ನೇಹ ಉಳಿಯುತ್ತದೆಯೆ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ನಮ್ಮ ಪಾವಗಡದಲ್ಲೇ ಇದೆ. ತಿರುಮಣಿ, ವಳ್ಳೂರು ಸುತ್ತಲಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಾಗ ರೈತರು ಜಮೀನು ಮಾರಲಿಲ್ಲ, ಸರ್ಕಾರಿ ಸಂಸ್ಥೆಗೆ ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ ಎಂದು ಕರಾರಾಯಿತು. ಪಹಣಿಯಲ್ಲಿ ಹೆಸರಿದ್ದವರಿಗೆ ಬಾಡಿಗೆ ಬಂತು. ಬರೀ ಮಾತಿನ ಮೇಲೆ ವಾರಕ್ಕೆ ಉಳುತ್ತಿದ್ದವರಿಗೆ, ಕೂಲಿಯವರಿಗೆ ಆ ಹಕ್ಕು ಸಿಗಲಿಲ್ಲ. ಸರ್ಕಾರದ ಮುಂದೆ ಕಾಗದ ಕೇಳುವುದು ಅವಮಾನವಲ್ಲದಿದ್ದರೆ ಗೆಳೆಯನ ಮುಂದೆ ಒಂದು ಸಾಲು ಬರೆದಿಡುವುದೂ ಅವಮಾನವಲ್ಲ. ಬರಹವಿದ್ದರೆ ಕೊಟ್ಟವನಿಗೂ ಪಡೆದವನಿಗೂ ಒಂದೇ ನೆನಪು ಉಳಿಯುತ್ತದೆ. ಪ್ರಾಮಾಣಿಕನಿಗೆ ಅದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ನಾಳೆ ಯಾರಾದರೂ ಅವನ ಮೇಲೆ ಅಪವಾದ ಹೊರಿಸಿದರೆ ಅದೇ ಬರಹ ಅವನನ್ನು ಕಾಯುತ್ತದೆ. ಎಲ್ಲರಿಗೂ ಒಂದೇ ಪದ್ಧತಿ ಇಟ್ಟುಕೊಂಡರೆ ಯಾರನ್ನೂ ಅನುಮಾನಿಸಿದಂತೆಯೂ ಆಗುವುದಿಲ್ಲ.

ದಾಕ್ಷಿಣ್ಯದ ಬೆಲೆ ಎಷ್ಟೆಂದು ಕಾನೂನು ತೋರಿಸುತ್ತದೆ. 1963ರ ಕಾಲಮಿತಿ ಕಾಯ್ದೆಯಂತೆ, ವಾಯಿದೆ ಹೇಳದೆ ಕೊಟ್ಟ ಕೈಸಾಲಕ್ಕೆ ಕೊಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಈ ಸುಗ್ಗಿಗೆ ಕೊಡುತ್ತಾನೆ, ಬರುವ ಸುಗ್ಗಿಗೆ ಕೊಡುತ್ತಾನೆ ಎಂದು ಸುಮ್ಮನಿದ್ದರೆ ಹಕ್ಕೇ ಕೈಬಿಡುತ್ತದೆ. ಜಾಮೀನಂತೂ ಇನ್ನೂ ಭಾರ: 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಇದೆ. ಸುಮ್ಮನೆ ಒಂದು ಸಹಿ ಎಂಬ ಮಾತನ್ನು ನಂಬಬಾರದು; ಆ ಸಾಲವನ್ನು ನಾವೇ ತೀರಿಸಬಲ್ಲೆವಾದರೆ ಮಾತ್ರ ಸಹಿ ಹಾಕಬೇಕು. ಚೀಟಿಗೆ 1982ರ ಕಾಯ್ದೆಯೇ ಇದೆ. ಅದರ ಪ್ರಕಾರ ಲಿಖಿತ ಕರಾರು ಬೇಕು, ನಡೆಸುವವನು ಭದ್ರತೆ ಇಡಬೇಕು. ಇವೆರಡನ್ನೂ ಕೇಳಿದಾಗ ಸಿಟ್ಟಾಗುವವನ ಚೀಟಿಗೆ ಸೇರದಿರುವುದೇ ಲೇಸು.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಮಳೆ ನಂಬಿ ಶೇಂಗಾ ಬಿತ್ತುವ ಸೀಮೆ ನಮ್ಮದು. ಬೆಳೆ ಕೈಕೊಟ್ಟ ವರ್ಷ ಸಾಲ ತೀರಿಸಲಾಗದವನನ್ನು ಮೋಸಗಾರ ಎನ್ನುವುದು ಅನ್ಯಾಯ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ನಾಚಿಕೆಯಿಂದ ತಲೆಮರೆಸಿಕೊಳ್ಳುವ ಒಳ್ಳೆಯವರೂ ಇದ್ದಾರೆ, ಆದ್ದರಿಂದ ಫೋನ್ ಎತ್ತಲಿಲ್ಲ ಎಂಬುದೊಂದೇ ಸಾಕ್ಷಿಯಾಗದು. ನೋಡಬೇಕಾದದ್ದು ಬೇರೆ. ಕಷ್ಟದಲ್ಲಿರುವವನು ಕೇಳಿದಾಗ ಬಾಕಿ ಒಪ್ಪುತ್ತಾನೆ, ಐನೂರಾದರೂ ಕೊಟ್ಟು ವಾಯಿದೆ ಕೇಳುತ್ತಾನೆ. ಮೋಸಗಾರ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳುತ್ತಾನೆ, ಲೆಕ್ಕವನ್ನೇ ಅಲ್ಲಗಳೆಯುತ್ತಾನೆ, ಕೇಳಿದವರದೇ ತಪ್ಪು ಎಂದು ಊರಿಗೆ ಸಾರುತ್ತಾನೆ. ಬರಹವಿದ್ದರೆ ಈ ವ್ಯತ್ಯಾಸ ಬೇಗ ಕಾಣುತ್ತದೆ, ಕಷ್ಟದಲ್ಲಿರುವವನಿಗೆ ಧೈರ್ಯವಾಗಿ ಇನ್ನಷ್ಟು ಕಾಲ ಕೊಡಲೂ ಆಗುತ್ತದೆ.

ಒಬ್ಬ ಸುಳ್ಳುಗಾರನೆಂದು ಖಚಿತವಾದ ಮೇಲೆ ಏನು ಮಾಡಬೇಕು? ಸಂಬಂಧ ಕಡಿದುಹಾಕಿ ಎನ್ನುವುದು ದೊಡ್ಡ ನಗರಕ್ಕೆ ಸರಿ. ನಮ್ಮಲ್ಲಿ ಅದೇ ಮನುಷ್ಯ ಜಾತ್ರೆಯಲ್ಲಿ, ಮದುವೆಯಲ್ಲಿ, ಸಾವಿನ ಮನೆಯಲ್ಲಿ ಎದುರಾಗುತ್ತಾನೆ. ಮಾತು ಬಿಡಬೇಕಿಲ್ಲ, ಹಣ, ಸಹಿ, ಮನೆಯ ಗುಟ್ಟು ಇವನ್ನು ಅವನ ಕೈಗೆ ಕೊಡದಿದ್ದರೆ ಸಾಕು. ಇನ್ನೊಬ್ಬರ ಚಾಡಿಯನ್ನು ನಮ್ಮ ಬಳಿ ಹೇಳುವವನಿಗೂ ಇದೇ ನಿಯಮ, ನಮ್ಮ ಮಾತನ್ನೂ ಅವನು ಹೊತ್ತೊಯ್ಯುತ್ತಾನೆ. ಆದರೆ ನಾವು ಮೌನವಾಗಿದ್ದರೆ ಮುಂದಿನವರು ಅವನ ಬಲೆಗೆ ಬೀಳುತ್ತಾರೆ. ಅವನಿಗೆ ಸಾಲ ಕೊಡಲು ಹೊರಟವರು ಕೇಳಿದರೆ, ನಮಗೆ ಆದದ್ದನ್ನು ಆದಷ್ಟೇ ಹೇಳಬೇಕು. ಕೇಳಿದ ಸುದ್ದಿಯನ್ನು ಅದಕ್ಕೆ ಸೇರಿಸಬಾರದು.

ಓದುಗರಲ್ಲಿ ನನ್ನ ಬೇಡಿಕೆ ಇಷ್ಟೇ: ಗೆಳೆಯರನ್ನು ನಂಬಿ, ಕಷ್ಟಕ್ಕೆ ಒದಗಿ. ಆದರೆ ಮುಂದಿನ ಸಲ ಹಣ ಕೊಡುವಾಗ ತಾರೀಕು, ಮೊತ್ತ, ವಾಯಿದೆ ಬರೆದು ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.