ನೋವು ಮೈಯಲ್ಲಿ, ಬೇರು ನೀರಲ್ಲಿ

ಬೆಳಿಗ್ಗೆ ಎದ್ದರೆ ಸೊಂಟ ಹಿಡಿದಿರುತ್ತದೆ. ಕಳೆ ತೆಗೆಯಲು ಕೂತರೆ ಏಳಲು ಆಗುವುದಿಲ್ಲ. ಕೊಡ ಹೊತ್ತರೆ ಕತ್ತು ನೋವು. "ವಯಸ್ಸಾಯ್ತು ಬಿಡವ್ವ" ಅಂತೀವಿ. ಗುಳಿಗೆ ನುಂಗುತ್ತೇವೆ. ನೋವು ಅರ್ಧ ದಿನ ಹೋಗುತ್ತದೆ. ಮರುದಿನ ಮತ್ತೆ ಬರುತ್ತದೆ.

ಕಳೆಯ ತಲೆ ಕೊಯ್ದರೆ ಸಾಕೇ? ಬೇರು ಕೀಳಬೇಕು. ನೋವಿಗೂ ಬೇರು ಇದೆ. ಅದನ್ನು ಹುಡುಕೋಣ.

ಕಾರಣಗಳು ಹಲವು

ಬಗ್ಗಿ ದುಡಿದರೆ ಸೊಂಟ ನೋಯುತ್ತದೆ. ವಯಸ್ಸಾದಂತೆ ಮಂಡಿ ಸವೆಯುತ್ತದೆ. ಮೈಯಲ್ಲಿ ರಕ್ತ ಕಡಿಮೆ ಇದ್ದರೆ ಕೈಕಾಲು ಸೋಲುತ್ತವೆ. ಕೀಲುಗಳು ಬಾತು ಬಿಸಿಯಾಗುವ ವಾತದ ರೋಗವೂ ಇದೆ.

ಆದರೆ ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಇನ್ನೊಂದು ಕಾರಣವಿದೆ. ಅದು ಬೋರಿನ ನೀರಿನಲ್ಲಿರುವ ಫ್ಲೋರೈಡ್.

ಫ್ಲೋರೈಡ್ ಅಂದರೇನು?

ನಮ್ಮದು ಮಳೆ ಕಡಿಮೆ ಇರುವ ನಾಡು. ನೆಲದ ಕೆಳಗೆ ಕಲ್ಲು. ಕೆಲವು ಕಲ್ಲುಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಬಹಳ ಕಾಲ ಕಲ್ಲಿನ ಸಂದಿಯಲ್ಲಿ ನಿಂತಾಗ ಅದು ನೀರಿಗೆ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.

ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ಇದ್ದರೆ ಚಿಂತೆಯಿಲ್ಲ. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಕುಡಿಯಬಹುದು. ಅದನ್ನು ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಹಲ್ಲು, ಎಲುಬುಗಳಲ್ಲಿ ಸೇರಿಕೊಳ್ಳುತ್ತದೆ. ಕೀಲು ಬಿಗಿಯುತ್ತವೆ. ಬೆನ್ನು ಬಾಗುತ್ತದೆ. ಇದಕ್ಕೆ ಫ್ಲೋರೋಸಿಸ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1937ರಲ್ಲಿ, ನೆಲ್ಲೂರು ಕಡೆ. ಇದು ಶಾಪವಲ್ಲ. ಅಂಟುರೋಗವೂ ಅಲ್ಲ.

ಗುರುತು ಹೇಗೆ?

ಮಕ್ಕಳ ಹಲ್ಲು ನೋಡೋಣ. ಸುಣ್ಣದಂಥ ಬಿಳಿ ಮಚ್ಚೆ, ಹಳದಿ ಇಲ್ಲವೇ ಕಂದು ಗೆರೆ ಇವೆಯೇ? ಉಜ್ಜಿದರೂ ಹೋಗುವುದಿಲ್ಲವೇ? ಹಾಗಾದರೆ ನೀರಿನ ಮೇಲೆ ಅನುಮಾನ ಪಡಬೇಕು.

ದೊಡ್ಡವರು ಈ ಮೂರನ್ನು ಮಾಡಿ ನೋಡೋಣ:
1. ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು.
2. ಗದ್ದವನ್ನು ಎದೆಗೆ ತಾಗಿಸುವುದು.
3. ಎರಡೂ ಕೈಗಳನ್ನು ತಲೆಯ ಹಿಂದೆ ಜೋಡಿಸುವುದು.

ಆಗದಿದ್ದರೆ ಹೆದರಬೇಡಿ. ಬೇರೆ ಕಾರಣವೂ ಇರಬಹುದು. ಸರ್ಕಾರಿ ಆಸ್ಪತ್ರೆಗೆ ಹೋಗಿ, "ನಾವು ಬೋರಿನ ನೀರು ಕುಡಿಯುತ್ತೇವೆ" ಎಂದು ಹೇಳಿ. ಎಕ್ಸ್-ರೇ ತೆಗೆದು, ಮೂತ್ರ ಪರೀಕ್ಷಿಸಿ ತಿಳಿಯುತ್ತಾರೆ.

ಏನು ಮಾಡೋಣ?

ಬಾಗಿದ ಎಲುಬನ್ನು ನೆಟ್ಟಗೆ ಮಾಡುವ ಔಷಧಿ ಇಲ್ಲ. ಆದರೆ ನೀರು ಬದಲಿಸಿದರೆ ರೋಗ ಮುಂದುವರಿಯುವುದು ನಿಲ್ಲುತ್ತದೆ. ಎಷ್ಟೋ ಜನರಿಗೆ ನೋವೂ ತಗ್ಗುತ್ತದೆ. ಮಕ್ಕಳು ಉಳಿಯುತ್ತಾರೆ.

ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆರಿದಷ್ಟೂ ಅದು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ.

ಕುಡಿಯಲು ಮಾತ್ರವಲ್ಲ, ಅನ್ನ, ಸಾರು, ಚಹಾಕ್ಕೂ ಒಳ್ಳೆಯ ನೀರೇ ಬೇಕು. ಹೊಳೆ ನೀರಿನ ನಲ್ಲಿ, ಶುದ್ಧ ನೀರಿನ ಘಟಕ, ಸ್ವಚ್ಛವಾಗಿ ಹಿಡಿದ ಮಳೆ ನೀರು, ಇವು ದಾರಿಗಳು. ಬೋರಿನ ನೀರು ಬಟ್ಟೆ, ಪಾತ್ರೆಗೆ ಇರಲಿ.

ಒಂದೇ ಊರಿನಲ್ಲಿ ಒಂದು ಬೋರು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಇರಬಹುದು. ಆದ್ದರಿಂದ ಎಲ್ಲವನ್ನೂ ಪರೀಕ್ಷೆ ಮಾಡಿಸಬೇಕು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಊರಿನ ಹೆಣ್ಣುಮಕ್ಕಳಿಗೇ ನೀರು ಪರೀಕ್ಷೆ ಕಲಿಸುವ ಏರ್ಪಾಡಿದೆ. ಗ್ರಾಮ ಪಂಚಾಯಿತಿಯಲ್ಲಿ ಕಿಟ್ ಕೇಳೋಣ. ಕೆಟ್ಟ ಬೋರಿಗೆ ಕೆಂಪು ಬಣ್ಣ ಹಚ್ಚಿಸೋಣ. ಘಟಕ ಕೆಟ್ಟು ನಿಂತರೆ ಗ್ರಾಮಸಭೆಯಲ್ಲಿ ಎದ್ದು ಕೇಳೋಣ.

ಊಟದಲ್ಲಿ ರಾಗಿ, ಹಾಲು, ಮಜ್ಜಿಗೆ, ನುಗ್ಗೆಸೊಪ್ಪು, ನೆಲ್ಲಿಕಾಯಿ, ನಿಂಬೆ ಇರಲಿ. ಎಲುಬಿಗೆ ಸುಣ್ಣದ ಅಂಶ ಸಿಗುತ್ತದೆ. ಅಡಿಕೆ, ತಂಬಾಕು ಬಿಡೋಣ. ದಿನಾ ನೋವಿನ ಗುಳಿಗೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಕೆಡುತ್ತವೆ.

ನೀರು ತರುವವರು ನಾವು. ಅಡಿಗೆ ಮಾಡುವವರು ನಾವು. ಯಾವ ನೀರು ಮನೆಗೆ ಬರಬೇಕು ಎಂದು ಹೇಳುವವರೂ ನಾವೇ ಆಗೋಣ.

ಓದಿರಿ, ಬರೆಯಿರಿ
ನೀರು – ಬೋರು – ಬೇರು
ಹಲ್ಲು – ಎಲುಬು – ಕೀಲು
ಪಂಚಾಯಿತಿ – ಪರೀಕ್ಷೆ – ಫ್ಲೋರೈಡ್

ಕೂಡಿ ಮಾತಾಡೋಣ
1. ನಿಮ್ಮ ಓಣಿಯವರು ಯಾವ ನೀರು ಕುಡಿಯುತ್ತಾರೆ?
2. ಆ ನೀರನ್ನು ಯಾವಾಗ ಪರೀಕ್ಷೆ ಮಾಡಿದ್ದರು?
3. ನೀರು ಪರೀಕ್ಷೆ ಮಾಡಿಸಿ ಎಂದು ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ. ಎಲ್ಲರೂ ಸಹಿ ಹಾಕಿರಿ.