ಪಕ್ಕದ ಹೊಂಡದ ನೀರು ನಮ್ಮ ಹೊಂಡಕ್ಕೂ ಬರುತ್ತದೆ



ಅಘನಾಶಿನಿ ಹೊಳೆಯ ದಂಡೆಯಲ್ಲಿರುವ ಒಂದು ಊರಿನ ಸಂಘದ ಸಭೆಗೆ ಒಮ್ಮೆ ಹೋಗಿದ್ದೆ. ಒಬ್ಬ ಸದಸ್ಯೆ ಸಾಲದ ಕಂತು ತಂದಿರಲಿಲ್ಲ. ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದರು. ಅವರ ಮನೆಯವರು ಸಿಗಡಿ ಹೊಂಡ ಮಾಡಿದ್ದರು. ಸಂಘದ ಸಾಲ ಸಾಕಾಗದೆ ಕೈಬಳೆಯನ್ನೂ ಅಡವಿಟ್ಟಿದ್ದರು. "ಒಂದೂವರೆ ತಿಂಗಳ ಶೆಟ್ಲಿ, ಸಿಸ್ಟರ್. ನಾಲ್ಕೇ ದಿನದಲ್ಲಿ ಎಲ್ಲ ದಡಕ್ಕೆ ಬಂದು ಸತ್ತು ಹೋದವು" ಎಂದರು.

ವಿಚಾರಿಸಿದಾಗ ವಿಷಯ ತಿಳಿಯಿತು. ಹತ್ತಿರದ ಇನ್ನೊಂದು ಹೊಂಡದಲ್ಲಿ ವಾರದ ಹಿಂದೆಯೇ ರೋಗ ಬಂದಿತ್ತು. ಅವರು ಯಾರಿಗೂ ಹೇಳದೆ ರಾತ್ರಿ ಗೇಟು ತೆಗೆದು ನೀರನ್ನು ಕಾಲುವೆಗೆ ಬಿಟ್ಟಿದ್ದರು. ಮರುದಿನ ಭರತದ ಹೊತ್ತಿಗೆ ಅದೇ ನೀರು ಇವರ ಹೊಂಡದೊಳಗೆ ಬಂತು. ಸಭೆಯಲ್ಲಿದ್ದವರಿಗೆಲ್ಲ ಸಿಟ್ಟು ಬಂತು. ನಾನು ಕೇಳಿದೆ: "ನಿಮ್ಮ ಹೊಂಡದ ನೀರನ್ನು ನೀವೇನು ಮಾಡಿದಿರಿ?" ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನಾವೂ ಬಿಟ್ಟೆವು ಸಿಸ್ಟರ್. ಹೇಳಿದರೆ ಸಾಲ ಕೊಟ್ಟವರು ಮನೆ ಬಾಗಿಲಿಗೆ ಬರ್ತಾರೆ ಅಂತ ಹೆದರಿಕೆ."

ಇಂದಿನ ಪಾಠ ಈ ಹೆದರಿಕೆಯ ಬಗ್ಗೆಯೇ.

ರೋಗ ಹೇಗೆ ಹರಡುತ್ತದೆ?

ಸಿಗಡಿಗೆ ಬರುವ ಬಿಳಿ ಚುಕ್ಕೆ ರೋಗ ಒಂದು ವೈರಸ್‌ನಿಂದ ಬರುತ್ತದೆ. ನಮ್ಮ ದೇಶದ ಕರಾವಳಿಯಲ್ಲಿ 1994-95ರಲ್ಲಿ ಇದು ದೊಡ್ಡ ನಷ್ಟ ಉಂಟುಮಾಡಿತು. ರೋಗ ತಗಲಿದ ಸಿಗಡಿ ತಿನ್ನುವುದನ್ನು ಬಿಟ್ಟು ದಡಕ್ಕೆ ಬರುತ್ತದೆ. ಚಿಪ್ಪಿನ ಮೇಲೆ ಬಿಳಿ ಚುಕ್ಕೆ ಕಾಣಬಹುದು, ಮೈ ಕೆಂಪಾಗಬಹುದು. ಮೂರರಿಂದ ಹತ್ತು ದಿನದೊಳಗೆ ಇಡೀ ಹೊಂಡ ಖಾಲಿಯಾಗಬಹುದು. ಮನುಷ್ಯರಿಗೆ ಈ ರೋಗ ತಗಲುವುದಿಲ್ಲ. ಆದರೆ ಸಿಗಡಿಗೆ ಇದನ್ನು ಗುಣಪಡಿಸುವ ಔಷಧವಿಲ್ಲ. ರೋಗವಿರುವ ಮರಿ, ಕಾಲುವೆಯ ನೀರು, ಏಡಿ, ಸತ್ತ ಸಿಗಡಿಯನ್ನು ಕಚ್ಚಿಕೊಂಡು ಹೋಗುವ ಹಕ್ಕಿ, ಒಂದು ಹೊಂಡದಿಂದ ಇನ್ನೊಂದಕ್ಕೆ ಒಯ್ಯುವ ಬಲೆ, ಇವೆಲ್ಲ ಅದರ ದಾರಿಗಳು. ಹಾಗಾಗಿ ಒಬ್ಬರೇ ಎಷ್ಟು ಜಾಗ್ರತೆ ಮಾಡಿದರೂ ಸಾಲದು. ಕಾಲುವೆ ಎಲ್ಲರದ್ದು.

ಮೊಗಲ್ತೂರಿನವರು ಮಾಡಿದ್ದು

ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಮೊಗಲ್ತೂರಿನಲ್ಲಿ 2002ರಲ್ಲಿ ಕೆಲವೇ ಸಣ್ಣ ರೈತರು ಸೇರಿ ಒಂದು ಗುಂಪು ಮಾಡಿಕೊಂಡರು. ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದವರು (ಎಂಪಿಡಾ) ಮಾರ್ಗದರ್ಶನ ಕೊಟ್ಟರು. ಮರಿಯನ್ನು ಒಟ್ಟಿಗೆ ಪರೀಕ್ಷೆ ಮಾಡಿಸಿ ತರುವುದು, ಹತ್ತಿರ ಹತ್ತಿರದ ದಿನಗಳಲ್ಲೇ ಬಿಡುವುದು, ರೋಗ ಕಂಡರೆ ಒಬ್ಬರಿಗೊಬ್ಬರು ಹೇಳುವುದು, ಇಂಥ ಕ್ರಮಗಳನ್ನು ಪಾಲಿಸಿದರು. ವರ್ಷದಿಂದ ವರ್ಷಕ್ಕೆ ಹೆಚ್ಚು ರೈತರು ಸೇರಿಕೊಂಡರು. ಈ ಅನುಭವದಿಂದಲೇ 2007ರಲ್ಲಿ ಸಣ್ಣ ರೈತರ ಸಂಘಗಳನ್ನು ಕಟ್ಟಲು 'ನಾಕ್ಸಾ' ಎಂಬ ಸಂಸ್ಥೆ ಹುಟ್ಟಿತು. ನೋಡಿ, ನಾವು ಉಳಿತಾಯಕ್ಕೆ ಸಂಘ ಕಟ್ಟಿದ ಹಾಗೆ ಅವರು ನೀರಿಗಾಗಿ ಸಂಘ ಕಟ್ಟಿದರು.

ಹೊಂಡದಲ್ಲಿ ಪಾಲಿಸಬೇಕಾದ ಕ್ರಮಗಳು

1. ಒಂದು ಬೆಳೆ ಮುಗಿದ ಮೇಲೆ ಹೊಂಡ ಬಿರುಕು ಬಿಡುವ ತನಕ ಒಣಗಲಿ. ತಳದ ಕಪ್ಪು ಕೆಸರನ್ನು ತೆಗೆಯಿರಿ. ಅದನ್ನು ಕಾಲುವೆಗೆ ಹಾಕಬೇಡಿ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಸುಣ್ಣ ಹಾಕಿ.

2. ಒಳಗೆ ಬರುವ ನೀರನ್ನು ಇಂಚಿಗೆ 60 ಕಣ್ಣಿನ ಬಲೆಬಟ್ಟೆಯಲ್ಲಿ ಸೋಸಿ. ಹೊಂಡದಲ್ಲಿ ಎಲ್ಲಿಯೂ 80 ಸೆಂಟಿಮೀಟರಿಗಿಂತ ಕಡಿಮೆ ನೀರು ಇರಬಾರದು. ಕಡಿಮೆ ನೀರು ಬಿಸಿಲಿಗೆ ಬೇಗ ಕಾಯುತ್ತದೆ, ಸಿಗಡಿ ಬಳಲುತ್ತದೆ.

3. ನೋಂದಣಿ ಇರುವ ಮರಿ ಕೇಂದ್ರದಿಂದಲೇ, ಪಿಸಿಆರ್ ಪರೀಕ್ಷೆ ಮಾಡಿಸಿದ ಮರಿ ತನ್ನಿ. ಹೆಚ್ಚು ಮರಿ ಬಿಟ್ಟರೆ ಹೆಚ್ಚು ಲಾಭ ಎಂಬುದು ತಪ್ಪು ಲೆಕ್ಕ.

4. ಆಹಾರ ಹಾಕಿದ ಮೇಲೆ ತಟ್ಟೆ ಎತ್ತಿ ನೋಡಿ. ಉಳಿದಿದ್ದರೆ ಮುಂದಿನ ಸಲ ಕಡಿಮೆ ಮಾಡಿ. ಉಳಿದ ಆಹಾರ ತಳದಲ್ಲಿ ಕೊಳೆತು ನೀರು ಕೆಡಿಸುತ್ತದೆ, ದುಡ್ಡೂ ಹೋಗುತ್ತದೆ.

5. ಆಂಟಿಬಯೋಟಿಕ್ ಬೇಡ. ಅದು ವೈರಸ್‌ಗೆ ನಾಟುವುದಿಲ್ಲ. ಕ್ಲೋರಂಫೆನಿಕಾಲ್, ನೈಟ್ರೋಫ್ಯೂರಾನ್ ನಿಷೇಧಿತ ಔಷಧಗಳು. ಪರೀಕ್ಷೆಯಲ್ಲಿ ಸಿಕ್ಕಿದರೆ ವಿದೇಶಕ್ಕೆ ಹೋದ ಮಾಲು ವಾಪಸ್ಸಾಗುತ್ತದೆ.

6. ರೋಗ ಕಂಡರೆ ಮೊದಲು ಗೇಟು ಮುಚ್ಚಿ. ಅಕ್ಕಪಕ್ಕದವರಿಗೂ ಮೀನುಗಾರಿಕೆ ಇಲಾಖೆಗೂ ಅದೇ ದಿನ ತಿಳಿಸಿ. ಸತ್ತ ಸಿಗಡಿಯನ್ನು ಸುಣ್ಣ ಹಾಕಿ ಹೂಳಿ. ಇಲಾಖೆಯವರು ಹೇಳಿದ ಪ್ರಮಾಣದಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ, ಅವರು ಹೇಳಿದಷ್ಟು ದಿನ ಕಾದ ನಂತರವೇ ನೀರು ಬಿಡಿ.

ಇದು ಹೊಂಡದವರ ಮಾತು ಮಾತ್ರವಲ್ಲ

ಹೊಂಡದ ಉಪ್ಪು ನೀರು ಪಕ್ಕದ ಗದ್ದೆಗೂ ಕುಡಿಯುವ ನೀರಿನ ಬಾವಿಗೂ ಇಳಿದರೆ ಕೊಡ ಹಿಡಿದು ದೂರ ನಡೆಯಬೇಕಾದವರು ನಾವೇ. ತಮಿಳುನಾಡಿನ ಸರ್ವೋದಯ ಕಾರ್ಯಕರ್ತ ಎಸ್. ಜಗನ್ನಾಥನ್ ಇಂಥ ದೂರನ್ನೇ ಸುಪ್ರೀಂ ಕೋರ್ಟಿಗೆ ಒಯ್ದರು. 1996ರ ಡಿಸೆಂಬರಿನಲ್ಲಿ ಕೋರ್ಟು ಕರಾವಳಿಯ ದೊಡ್ಡ ಸಿಗಡಿ ಉದ್ಯಮಗಳ ವಿರುದ್ಧ ತೀರ್ಪು ಕೊಟ್ಟಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾನೂನು ಬಂತು. ಸಣ್ಣ ಹೊಂಡಕ್ಕೂ ನೋಂದಣಿ ಬೇಕು. ಕಾಂಡ್ಲಾ ಗಿಡ ಕಡಿದು ಹೊಂಡ ಮಾಡಬಾರದು. ಗಜನಿ ಭೂಮಿಯಲ್ಲಿ ನಮ್ಮ ಹಿರಿಯರು ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆದು, ಮಳೆ ಕಳೆದ ಮೇಲೆ ಭರತದ ನೀರಿನಲ್ಲಿ ತಾನಾಗಿ ಬಂದ ಸಿಗಡಿ ಹಿಡಿಯುತ್ತಿದ್ದರು. ಅನ್ನವೂ ಇತ್ತು, ಸಾರೂ ಇತ್ತು.

ಸಂಘ ಏನು ಮಾಡಬಹುದು?

ಹೊಂಡಕ್ಕೆ ಸಾಲ ಕೊಡುವ ಮೊದಲು ಮೂರು ವಿಷಯ ಕೇಳಿ: ನೋಂದಣಿ ಇದೆಯೇ? ಮರಿಯ ಪರೀಕ್ಷಾ ಚೀಟಿ ಇದೆಯೇ? ಹೊಂಡ ಒಣಗಿಸಿದ್ದೀರಾ? ಖರ್ಚಿನ ಪುಸ್ತಕ ಮನೆಯ ಹೆಂಗಸಿನ ಕೈಯಲ್ಲಿರಲಿ.

ನಾನು ಹೇಳಿದ ಆ ಸಂಘದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರೋಗ ಬಂದ ದಿನವೇ ಗೇಟು ಮುಚ್ಚಿ ಬಾಯಿಬಿಟ್ಟು ಹೇಳಿದವರಿಗೆ ದಂಡವಿಲ್ಲ, ಕಂತಿಗೆ ಹೆಚ್ಚು ಸಮಯ. ಮುಚ್ಚಿಟ್ಟು ನೀರು ಬಿಟ್ಟವರಿಗೆ ಈ ರಿಯಾಯಿತಿ ಇಲ್ಲ. ಹೀಗೆ ಠರಾವು ಬರೆದರು. ಮೊದಲ ಸಹಿ ಹಾಕಿದ್ದು ಬಳೆ ಅಡವಿಟ್ಟಿದ್ದ ಆ ಸಹೋದರಿಯೇ. ಸತ್ಯ ಹೇಳಿದವರಿಗೆ ನಷ್ಟವಾಗದಂತೆ ನೋಡಿಕೊಂಡರೆ ಮಾತ್ರ ಜನ ಸತ್ಯ ಹೇಳುತ್ತಾರೆ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನ ಕಾಲುವೆಗೆ ಎಷ್ಟು ಹೊಂಡಗಳ ನೀರು ಸೇರುತ್ತದೆ?

2. ರೋಗ ಬಂದರೆ ಮೊದಲು ಯಾರಿಗೆ ತಿಳಿಸಬೇಕು? ಯಾರ ಫೋನ್ ನಂಬರ್ ನಮ್ಮಲ್ಲಿದೆ?

3. ಹೆದರದೆ ಹೇಳುವ ಹಾಗೆ ನಮ್ಮ ಸಂಘದ ನಿಯಮದಲ್ಲಿ ಏನು ಬದಲಾಗಬೇಕು?